ಹಳೇ ಕಾರಿನ ಡ್ಯಾಶ್‌ಬೋರ್ಡ್ ಕತ್ತರಿಸದೆ ಹಾಡು ಚೆನ್ನಾಗಿ ಕೇಳಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ 1997ರ ಕಾರಿದೆ. ಅಪ್ಪ ಹೊಸದಾಗಿ ತೆಗೆದುಕೊಂಡದ್ದು, ಈಗ ನಾನು ಓಡಿಸುತ್ತೇನೆ. ಎಂಜಿನ್, ಬಾಡಿ ಎಲ್ಲ ಚೆನ್ನಾಗಿವೆ. ಕಂಪನಿಯಿಂದಲೇ ಬಂದ ಕ್ಯಾಸೆಟ್ ಸ್ಟೀರಿಯೊ ಇನ್ನೂ ಇದೆ. ರಾತ್ರಿ ಅದರ ಹಸಿರು ಲೈಟು ಮೀಟರಿನ ಲೈಟಿಗೆ ಸರಿಯಾಗಿ ಹೊಂದುತ್ತದೆ. ಆದರೆ ಕ್ಯಾಸೆಟ್ ಓಡುವುದಿಲ್ಲ, ರೇಡಿಯೊ ಮಾತ್ರ ಬರುತ್ತದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಒಮ್ಮೊಮ್ಮೆ ಎಡಗಡೆ ಸ್ಪೀಕರ್ ನಿಂತೇ ಹೋಗುತ್ತದೆ. ಸ್ವಲ್ಪ ಜೋರು ಮಾಡಿದರೆ ಡ್ರೈವರ್ ಕಡೆಯ ಬಾಗಿಲು ಗುಂಯ್ ಅನ್ನುತ್ತದೆ. ನನಗೆ ಫೋನಿನ ಹಾಡು ಕೇಳಬೇಕು, ಸ್ಪಷ್ಟವಾಗಿ ಕೇಳಬೇಕು. ಅಂಗಡಿಯಲ್ಲಿ ವಿಚಾರಿಸಿದರೆ, ‘ಇದನ್ನು ತೆಗೆದು ಬಿಸಾಕಿ, ಡ್ಯಾಶ್ ಸ್ವಲ್ಪ ಕಟ್ ಮಾಡಿ ಟಚ್‌ಸ್ಕ್ರೀನ್ ಕೂರಿಸೋಣ, ಹಿಂದೆ ದೊಡ್ಡ ಓವಲ್ ಸ್ಪೀಕರು, 1000 ವ್ಯಾಟ್ ಆಂಪ್ ಹಾಕೋಣ’ ಅಂದರು. ಕಟ್ ಮಾಡಲು ನನಗೆ ಮನಸ್ಸಿಲ್ಲ. ಕಾರಿನ ಒಳಗಡೆ ಈಗ ಹೇಗಿದೆಯೋ ಹಾಗೇ ಕಾಣಬೇಕು. ಇದು ಆಗುವ ಕೆಲಸವೇ? ಹಳೇ ವೈರಿಂಗ್ ಸುಟ್ಟುಹೋಗುತ್ತದೆ ಅಂತಲೂ ಭಯವಿದೆ.

ಉತ್ತರ: ಆಗುವ ಕೆಲಸ. ಒಂದು ಕಡೆಯೂ ಗರಗಸ ಹಾಕದೆ ಆಗುತ್ತದೆ. ಕಟ್ ಮಾಡಲು ಮನಸ್ಸಾಗಲಿಲ್ಲ ಅಂದಿರಲ್ಲ, ಆ ಮನಸ್ಸನ್ನು ಹಾಗೇ ಇಟ್ಟುಕೊಳ್ಳಿ. ಸ್ಪೀಕರು, ಆಂಪು (ಸದ್ದಿನ ಶಕ್ತಿ ಹೆಚ್ಚಿಸುವ ಆಂಪ್ಲಿಫೈಯರ್) ನಾಳೆಯೂ ಸಿಗುತ್ತವೆ. 1997ರ ಡ್ಯಾಶ್‌ಬೋರ್ಡ್ ಒಮ್ಮೆ ಕತ್ತರಿಸಿದರೆ ಮತ್ತೆ ಸಿಗುವುದು ಬಹಳ ಕಷ್ಟ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಬೆರೆತಿವೆ. ಕರಕರ ಸದ್ದು, ನಿಂತುಹೋಗುವ ಸ್ಪೀಕರ್, ನಡುಗುವ ಬಾಗಿಲು, ಓಡದ ಕ್ಯಾಸೆಟ್, ಇವೆಲ್ಲ ಹಾಳಾಗಿರುವ ವಸ್ತುಗಳು. ಫೋನಿನ ಹಾಡು ಕೇಳಲು ದಾರಿ ಇಲ್ಲದಿರುವುದು ಮಾತ್ರ ನಿಜವಾದ ಕೊರತೆ. ಹಾಳಾದದ್ದನ್ನು ಮೊದಲು ರಿಪೇರಿ ಮಾಡಿ. ಇಲ್ಲದಿದ್ದರೆ ಹೊಸ ಆಂಪ್ ಹಾಕಿದ ಮೇಲೂ ಅದೇ ಬಾಗಿಲು ಇನ್ನಷ್ಟು ಜೋರಾಗಿ ನಡುಗುತ್ತದೆ. ನನ್ನ ಹತ್ತಿರ ಬಂದ ಹಳೇ ಕಾರುಗಳಲ್ಲಿ ಜಾಸ್ತಿ ಪಾಲು ದೋಷ ಇದ್ದದ್ದು ಬಾಗಿಲಿನ ಒಳಗೆ. ಸ್ಟೀರಿಯೊ ಪಾಪ, ಕಣ್ಣಿಗೆ ಕಾಣುತ್ತದೆ ಅಂತ ಬೈಸಿಕೊಳ್ಳುತ್ತದೆ.

ವ್ಯಾಟ್ ಲೆಕ್ಕ

1000 ವ್ಯಾಟ್ ಮಾತನ್ನು ಮೊದಲು ಮುಗಿಸೋಣ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14. ಒಂದು ಹನಿ ವಿದ್ಯುತ್ತೂ ಬಿಸಿಯಾಗಿ ಪೋಲಾಗುವುದಿಲ್ಲ ಅಂದುಕೊಂಡರೂ 1000 ವ್ಯಾಟಿಗೆ 70 ಆಂಪಿಯರಿಗಿಂತ ಜಾಸ್ತಿ ಬೇಕು. ಆ ಕಾಲದ ಚಿಕ್ಕ ಕಾರುಗಳಲ್ಲಿ ಆಲ್ಟರ್ನೇಟರ್ ಪೂರ್ತಿ ದುಡಿದರೂ ಅಷ್ಟು ಕೊಡುವುದು ಅಪರೂಪ. ಹೆಡ್‌ಲೈಟು, ಫ್ಯಾನು, ವೈಪರು ಕೂಡ ಅದರಿಂದಲೇ ನಡೆಯಬೇಕಲ್ವಾ? ಹಾಗಾದರೆ ಡಬ್ಬದ ಮೇಲಿನ 1000 ಎಲ್ಲಿಂದ ಬಂತು? ಅದು ಕ್ಷಣಮಾತ್ರದ ಲೆಕ್ಕ. ನೀವು ನೋಡಬೇಕಾದದ್ದು ಆರ್‌ಎಂಎಸ್ ಅಂತ ಬರೆದಿರುವ ಅಂಕಿ. ಸತತವಾಗಿ ಕೊಡುವ ಶಕ್ತಿ ಅದು.

ಸ್ಟೀರಿಯೊ ಮೇಲೆ ‘50 ವ್ಯಾಟ್ x 4’ ಅಂತ ಇರುತ್ತದಲ್ಲ, ಅದೂ ಹೀಗೇ. 14.4 ವೋಲ್ಟನ್ನು 14.4ರಿಂದ ಗುಣಿಸಿ, ಸ್ಪೀಕರಿನ ವಿದ್ಯುತ್ ತಡೆಯಾದ 4 ಓಮ್‌ನಿಂದ ಭಾಗಿಸಿದರೆ ಸುಮಾರು 52 ಬರುತ್ತದೆ. ಹಾಡು ಪೂರ್ತಿ ಒಡೆದು ಚೌಕಾಕಾರದ ಅಲೆಯಾದಾಗ ಬರುವ ಅಂಕಿ ಇದು. ಕಿವಿಗೆ ಹಿತವಾಗಿ ಕೇಳುವ ಮಟ್ಟದಲ್ಲಿ ಅದೇ ಸ್ಟೀರಿಯೊದಿಂದ ಸಿಗುವುದು ಚಾನಲ್‌ಗೆ, ಅಂದರೆ ಒಂದೊಂದು ಸ್ಪೀಕರಿಗೆ, 18–20 ವ್ಯಾಟ್. ಹಳೇ ಮಾದರಿಯ ಸರ್ಕ್ಯೂಟ್ ಆದರೆ 5–6 ವ್ಯಾಟ್ ಮಾತ್ರ.

ಇಷ್ಟು ಕಡಿಮೆಯಲ್ಲಿ ಕಂಪನಿಯವರು ಹೇಗೆ ನಡೆಸುತ್ತಿದ್ದರು? ಅವರು ಹಾಕುತ್ತಿದ್ದ ಸ್ಪೀಕರಿನ ಕಾಗದದ ಕೋನ್ ಬಲು ಹಗುರ. ಸ್ವಲ್ಪ ಶಕ್ತಿ ಕೊಟ್ಟರೂ ಜೋರಾಗಿ ಹಾಡುತ್ತದೆ. ಇದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ, ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. 3 ಡೆಸಿಬಲ್ ಹೆಚ್ಚಿಸಲು ಎರಡು ಪಟ್ಟು ಶಕ್ತಿ ಬೇಕು. 92 ಡೆಸಿಬಲ್‌ನ ಸ್ಪೀಕರ್ 10 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ 86 ಡೆಸಿಬಲ್‌ನದ್ದಕ್ಕೆ 40 ವ್ಯಾಟ್ ಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ. ಒಳ್ಳೆಯ ಹೆಸರಿನ, ಭಾರವಾದ ಸ್ಪೀಕರ್ ತಂದು ಹಳೇ ಸ್ಟೀರಿಯೊಗೆ ಜೋಡಿಸುತ್ತಾರೆ. ಮೊದಲಿಗಿಂತ ಸಣ್ಣದಾಗಿ ಕೇಳುತ್ತದೆ. ಆಮೇಲೆ ಸ್ಟೀರಿಯೊ ಸರಿಯಿಲ್ಲ ಅನ್ನುತ್ತಾರೆ.

ಮೊದಲು ಬಾಗಿಲು ಬಿಚ್ಚಿ

ಬಿಚ್ಚುವ ಮುಂಚೆ ಎರಡು ಎಚ್ಚರಿಕೆ. ಬ್ಯಾಟರಿ ತೆಗೆದರೆ ಕೆಲವು ಕಂಪನಿ ಸ್ಟೀರಿಯೊಗಳು ಲಾಕ್ ಆಗುತ್ತವೆ. ಮತ್ತೆ ಶುರು ಮಾಡಲು ಕೋಡ್ ಕೇಳುತ್ತವೆ. ಕಾರಿನ ಕಾಗದಪತ್ರದ ಜೊತೆ ಆ ಕೋಡ್ ಇದೆಯೇ ನೋಡಿಕೊಳ್ಳಿ. ಕಾರಿನಲ್ಲಿ ಏರ್‌ಬ್ಯಾಗ್ ಇದ್ದರೆ ಬ್ಯಾಟರಿ ತೆಗೆದು, ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಕೈಹಾಕಿ. ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರನ್ನು ಮುಟ್ಟಲೇಬೇಡಿ.

ಡೋರ್ ಪ್ಯಾಡ್ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಇಷ್ಟು ವರ್ಷದಲ್ಲಿ ಬಿಸ್ಕತ್ತಿನ ಹಾಗೆ ಆಗಿರುತ್ತವೆ. ಹೊಸ ಕ್ಲಿಪ್ಪು ಕೈಯಲ್ಲಿ ಇಟ್ಟುಕೊಂಡೇ ಎಳೆಯಿರಿ. ನಿಮ್ಮ ಗುಂಯ್ ಸದ್ದಿಗೆ ಅರ್ಧ ಕಾರಣ ಮುರಿದ ಕ್ಲಿಪ್ಪೇ ಇರಬಹುದು.

ಸ್ಪೀಕರ್ ಹೊರಬಂದ ಮೇಲೆ ಅದರ ಅಂಚು ನೋಡಿ. ಕೋನ್ ಸುತ್ತ ಫೋಮ್ ಇದ್ದರೆ ಬೆರಳು ತಾಗಿದ ಕೂಡಲೇ ಪುಡಿಯಾಗಬಹುದು. ಬಟ್ಟೆ ಅಥವಾ ರಬ್ಬರಿನ ಅಂಚು ಜಾಸ್ತಿ ಕಾಲ ಬಾಳುತ್ತದೆ. ಕೋನನ್ನು ಎರಡು ಕಡೆ ಸಮನಾಗಿ ಹಿಡಿದು ಮೆಲ್ಲಗೆ ಒತ್ತಿ. ಒಳಗೆ ಗರಗರ ಉಜ್ಜಿದರೆ ಅದರ ಕಾಯಿಲ್ ಹೋಗಿದೆ. ಮಲ್ಟಿಮೀಟರ್ ಇಟ್ಟರೆ 4 ಓಮ್ ಸ್ಪೀಕರ್ ಸುಮಾರು 3.2ರಿಂದ 3.6 ತೋರಿಸಬೇಕು. ಅಂಚು ಮಾತ್ರ ಹಾಳಾಗಿದ್ದರೆ ಹೊಸ ಫೋಮ್ ಅಂಟಿಸಿ ಅದೇ ಸ್ಪೀಕರನ್ನು ಉಳಿಸಿಕೊಳ್ಳಬಹುದು.

ಇನ್ನು ಬಾಗಿಲಿನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇಡೀ ಕೆಲಸದಲ್ಲಿ ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಸಿಗುವುದು ಇಲ್ಲಿ. ಸ್ಪೀಕರ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಗಾಳಿ ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ಉಲ್ಟಾ. ಎರಡೂ ಸೇರಿದರೆ ಬಾಸ್, ಅಂದರೆ ತಗ್ಗಿನ ದನಿ, ಸತ್ತೇ ಹೋಗುತ್ತದೆ. ಬಾಗಿಲಿನ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿವೆ. ಅವುಗಳ ಮೂಲಕ ಹಿಂದಿನ ಅಲೆ ನುಗ್ಗಿ ಬಂದು ಮುಂದಿನದ್ದನ್ನು ನುಂಗುತ್ತದೆ. ಅಲ್ಲಿ ಕಂಪನಿಯವರು ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರಬೇಕು. ಹಳೇ ಕಾರಿನಲ್ಲಿ ಅದು ಹರಿದಿರುತ್ತದೆ, ಇಲ್ಲವೇ ಯಾರೋ ಮೆಕ್ಯಾನಿಕ್ ಗ್ಲಾಸ್ ರಿಪೇರಿಗೆ ಅಂತ ಕಿತ್ತು ಎಸೆದಿರುತ್ತಾರೆ.

ಹೊರತಗಡಿನ ಒಳಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ನಡುಕ ಹೀರುವ ರಬ್ಬರಿನ ಹಾಳೆ) ಅಂಟಿಸಿ, ರೋಲರ್‌ನಿಂದ ಒತ್ತಿ. 2 ಮಿಲಿಮೀಟರ್ ದಪ್ಪ ಸಾಕು. ಇಡೀ ತಗಡು ಮುಚ್ಚಬೇಕು ಅಂತ ಹೇಳುತ್ತಾರೆ, ಬೇಕಾಗಿಲ್ಲ. ತಗಡಿನ ಮಧ್ಯಭಾಗದಲ್ಲಿ, ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹಾಕಿದರೆ ನಡುಕ ನಿಲ್ಲುತ್ತದೆ. ಗೆಣ್ಣಿನಿಂದ ಬಡಿದು ನೋಡಿ. ಟಣ್ ಅನ್ನುತ್ತಿದ್ದದ್ದು ಧಬ್ ಅನ್ನಬೇಕು. ಆಮೇಲೆ ಒಳತಗಡಿನ ತೂತುಗಳನ್ನು ಮುಚ್ಚಿ. ಲಾಕಿನ ಸಲಾಕೆ, ಗ್ಲಾಸ್ ಎತ್ತುವ ಸಾಧನ ತಾಗದ ಹಾಗೆ ನೋಡಿಕೊಳ್ಳಿ.

ಬಾಗಿಲಿನ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಅವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಗ್ಲಾಸ್ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಕಾರು ಹಾಗೇ ತಯಾರಾಗಿದೆ. ದಾರಿ ಕಟ್ಟಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒಂದು ಕಾರಿನಲ್ಲಿ ಹೊಸ ಸ್ಪೀಕರ್ ಹಾಕಿದವರು ಪ್ಲಾಸ್ಟಿಕ್ ಹಾಳೆಯನ್ನು ವಾಪಸ್ ಅಂಟಿಸಿರಲಿಲ್ಲ. ಒಂದೇ ಮಳೆಗಾಲಕ್ಕೆ ಡೋರ್ ಪ್ಯಾಡಿನ ರಟ್ಟು ಉಬ್ಬಿ ಅಲೆಅಲೆಯಾಗಿತ್ತು. ಆ ಮಾದರಿಯ ಪ್ಯಾಡ್ ಹುಡುಕಿ ಹುಡುಕಿ ಸಿಗಲೇ ಇಲ್ಲ. ನೋಡಿ ನನಗೇ ಸಂಕಟವಾಯಿತು.

ಯಾವ ಸ್ಪೀಕರ್?

ಬದಲಿಸಲೇಬೇಕಾದರೆ ಹಳೆಯದರ ಅಳತೆಯದ್ದನ್ನೇ ಹಾಕಿ, ಮೇಲಿನ ಜಾಲರಿ ಕಂಪನಿಯದ್ದೇ ಇರಲಿ. ಆಳವನ್ನೂ ಅಳೆಯಿರಿ. ಗ್ಲಾಸ್ ಪೂರ್ತಿ ಇಳಿಸಿ, ಹಿಂದಿನ ಮ್ಯಾಗ್ನೆಟ್ ಅದಕ್ಕೆ ತಾಗುತ್ತದೆಯೇ ನೋಡಿ. ಮಧ್ಯೆ ರಿಂಗ್ ಇಡಬೇಕಾದರೆ ಪ್ಲಾಸ್ಟಿಕ್ ರಿಂಗ್ ಇಡಿ. ಎಂಡಿಎಫ್ (ಮರದ ನಾರಿನ ಹಲಗೆ) ಬೇಡ, ತೇವಕ್ಕೆ ಉಬ್ಬುತ್ತದೆ. ರಿಂಗ್‌ಗೂ ಡೋರ್ ಪ್ಯಾಡ್‌ಗೂ ನಡುವಿನ ಸಂದಿಗೆ ಫೋಮ್ ಪಟ್ಟಿ ಅಂಟಿಸಿ. ಇಲ್ಲದಿದ್ದರೆ ಅರ್ಧ ಹಾಡು ಪ್ಯಾಡಿನ ಹಿಂದೆಯೇ ಉಳಿಯುತ್ತದೆ.

ಟ್ವೀಟರ್ (ಎತ್ತರದ ದನಿಗೆಂದೇ ಇರುವ ಪುಟ್ಟ ಸ್ಪೀಕರ್) ಬೇರೆ ಇರುವ ಸೆಟ್ ಒಳ್ಳೆಯದೇ. ಆದರೆ ಡ್ಯಾಶ್ ಮೂಲೆಯಲ್ಲೋ ಕನ್ನಡಿ ಹಿಂದಿನ ತ್ರಿಕೋನದಲ್ಲೋ ಕಂಪನಿ ಜಾಲರಿ ಇದ್ದರೆ ಮಾತ್ರ ಅದನ್ನು ಯೋಚಿಸಿ. ಟ್ವೀಟರಿಗಾಗಿ ತೂತು ಕೊರೆಯುವ ಬದಲು, ಮಧ್ಯದಲ್ಲೇ ಟ್ವೀಟರ್ ಇರುವ ಕೊಆಕ್ಸಿಯಲ್ ಹಾಕಿ. ಹಿಂದಿನ ದೊಡ್ಡ ಓವಲ್ ಸ್ಪೀಕರ್ ನನ್ನ ಮಟ್ಟಿಗೆ ಬೇಡ. ಅದಕ್ಕಾಗಿ ಹಿಂದಿನ ಟ್ರೇ ಕತ್ತರಿಸಬೇಕು, ಮೇಲಾಗಿ ಗಾಯಕರು ಬೆನ್ನ ಹಿಂದೆ ಕೂತು ಹಾಡಿದ ಹಾಗೆ ಕೇಳುತ್ತದೆ.

ಜೋಡಿಸುವಾಗ ಪ್ಲಸ್, ಮೈನಸ್ ತಪ್ಪಬಾರದು. 1.5 ವೋಲ್ಟಿನ ಸಣ್ಣ ಸೆಲ್ಲನ್ನು ತುದಿಗಳಿಗೆ ಒಂದು ಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ಸರಿಯಾಗಿದ್ದರೆ ಕೋನ್ ಹೊರಗೆ ಹಾರುತ್ತದೆ. ಒಂದು ಬಾಗಿಲಿನಲ್ಲಿ ಉಲ್ಟಾ ಆಗಿದ್ದರೆ ಎರಡೂ ಒಟ್ಟಿಗೆ ಹಾಡಿದಾಗ ಬಾಸ್ ಮಾಯ. ಇದೊಂದನ್ನು ಸರಿಮಾಡಿಸಿಕೊಂಡು ಖುಷಿಯಿಂದ ಹೋದವರು ಎಷ್ಟೋ ಜನ.

ಸ್ಟೀರಿಯೊ ಉಳಿಸಿ, ಫೋನ್ ಸೇರಿಸಿ

ವಾಲ್ಯೂಮಿನ ಕರಕರ, ಎಡಗಡೆ ನಿಲ್ಲುವುದು, ಎರಡಕ್ಕೂ ಬಹುಶಃ ಒಂದೇ ಕಾರಣ. ಗುಂಡಿಯ ಹಿಂದಿನ ಪೊಟೆನ್ಷಿಯೋಮೀಟರಿನಲ್ಲಿ ಧೂಳು, ಕಿಲುಬು. ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ 30–40 ಸಲ ತಿರುಗಿಸಿದರೆ ಎಷ್ಟೋ ಸಲ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಬೇಡಿ. ಇನ್ನೂ ಹೋಗದಿದ್ದರೆ ಬೆಸುಗೆ ಬಿಟ್ಟಿರಬಹುದು, ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್ ಒಣಗಿರಬಹುದು. ಕ್ಯಾಸೆಟ್ ಓಡದಿರುವುದಕ್ಕೆ ಸಾಮಾನ್ಯ ಕಾರಣ ರಬ್ಬರ್ ಬೆಲ್ಟು ಸಡಿಲವಾಗಿರುವುದು. ಹಳೇ ರೇಡಿಯೊ ರಿಪೇರಿ ಮಾಡುವವರಿಗೆ ಇದೆಲ್ಲ ಗೊತ್ತಿರುವ ಕೆಲಸ. ಒಂದು ಮಾತು: ಹಸಿರು ಲೈಟಿನ ಬಲ್ಬ್ ಬದಲಿಸುವಾಗ ಅದೇ ಥರದ ಬಲ್ಬ್ ಹಾಕಿಸಿ, ಅದರ ಮೇಲಿನ ಹಸಿರು ಟೋಪಿ ಉಳಿಸಿಕೊಳ್ಳಿ. ಎಲ್‌ಇಡಿ ಹಾಕಿದರೆ ಮೀಟರಿನ ಹಸಿರಿಗೂ ಇದಕ್ಕೂ ಹೊಂದುವುದಿಲ್ಲ.

ಫೋನಿನ ಹಾಡಿಗೆ ದಾರಿ ಹಲವು. ಸಿಗರೇಟ್ ಲೈಟರ್ ತೂತಿಗೆ ಹಾಕುವ ಎಫ್‌ಎಂ ಟ್ರಾನ್ಸ್‌ಮಿಟರ್ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸಪ್ಪೆ. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಬರುವುದೇ ಇಲ್ಲ, ಜೊತೆಗೆ ಪಕ್ಕದ ಸ್ಟೇಷನ್ ನುಗ್ಗುತ್ತದೆ. ಬೆಲ್ಟ್ ಬದಲಿಸಿ ಕ್ಯಾಸೆಟ್ ಓಡಿದರೆ ಕ್ಯಾಸೆಟ್ ಅಡಾಪ್ಟರ್ (ಫೋನಿನ ಹಾಡನ್ನು ಸ್ಟೀರಿಯೊಗೆ ಕೊಡುವ, ಕ್ಯಾಸೆಟ್ ಆಕಾರದ ಸಾಧನ) ಅದಕ್ಕಿಂತ ಎಷ್ಟೋ ಮೇಲು. ಸ್ಟೀರಿಯೊ ಹಿಂದೆ ಸಿಡಿ ಚೇಂಜರ್ (ಹಲವು ಸಿಡಿ ಹಿಡಿಯುವ ಪೆಟ್ಟಿಗೆ) ಸಾಕೆಟ್ ಇದ್ದರೆ, ತಾನೇ ಚೇಂಜರ್ ಅಂತ ನಂಬಿಸುವ ಬ್ಲೂಟೂತ್ ಡಬ್ಬಿ ಸಿಗುತ್ತದೆ. ನಿಮ್ಮ ಸ್ಟೀರಿಯೊ ಮಾದರಿಗೆ ಸರಿಯಾದದ್ದೇ ಬೇಕು ಅಷ್ಟೆ.

ಚಂದದ ದಾರಿ ಅಂದರೆ ಸ್ಟೀರಿಯೊ ಒಳಗೇ ಬ್ಲೂಟೂತ್ ಬೋರ್ಡ್ ಕೂರಿಸುವುದು. ಕ್ಯಾಸೆಟ್ಟಿನ ಸದ್ದು ವಾಲ್ಯೂಮ್ ಗುಂಡಿಗೆ ಹೋಗುವ ದಾರಿಯಲ್ಲಿ ಫೋನಿನ ಸದ್ದನ್ನು ಸೇರಿಸುತ್ತಾರೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಹಳೇ ಗುಂಡಿಯಲ್ಲೇ ಜೋರು, ಮೆಲ್ಲಗೆ ಮಾಡಬಹುದು. ಆದರೆ ಸರ್ಕ್ಯೂಟ್ ನಕ್ಷೆ ಓದಬಲ್ಲವರೇ ಮಾಡಬೇಕು. ಬೋರ್ಡಿಗೂ ಸ್ಟೀರಿಯೊಗೂ ಅರ್ತ್ ಒಂದೇ ಆದಾಗ ಹಾಡಿನ ಹಿಂದೆ ಸಣ್ಣ ಚಿರ್‌ಚಿರ್ ಸದ್ದು ಬರುತ್ತದೆ. ಐಸೊಲೇಟೆಡ್ ಪವರ್ ಸಪ್ಲೈ ಹಾಕಿದರೆ ಅದು ನಿಲ್ಲುತ್ತದೆ. ಕೀ ತೆಗೆದ ಮೇಲೂ ಬೋರ್ಡ್ ಎಚ್ಚರವಾಗಿದ್ದರೆ ಬ್ಯಾಟರಿ ಇಳಿಯುತ್ತದೆ. ಎಲ್ಲ ಆಫ್ ಆದಾಗ ಇಡೀ ಕಾರು ಎಳೆಯುವ ಕರೆಂಟು 50 ಮಿಲಿಆಂಪಿಯರ್ ಮೀರದಿರಲಿ.

ಸ್ಟೀರಿಯೊ ಬಿಚ್ಚಲು ಧೈರ್ಯವಿಲ್ಲದಿದ್ದರೆ ನಾನು ಹೇಳುವುದು ಇನ್ನೊಂದು ದಾರಿ. ಬ್ಲೂಟೂತ್ ಮತ್ತು ಡಿಎಸ್‌ಪಿ (ಸದ್ದನ್ನು ಬೇಕಾದ ಹಾಗೆ ತಿದ್ದುವ ಡಿಜಿಟಲ್ ಚಿಪ್) ಎರಡೂ ಇರುವ ಚಿಕ್ಕ ಆಂಪನ್ನು ಸೀಟಿನ ಕೆಳಗೆ ಅಡಗಿಸುವುದು. ಫೋನ್ ನೇರ ಅದರ ಜೊತೆ ಮಾತಾಡುತ್ತದೆ. ಸ್ಟೀರಿಯೊದ ಸ್ಪೀಕರ್ ವೈರನ್ನೂ ಅದಕ್ಕೇ ಕೊಟ್ಟರೆ ರೇಡಿಯೊ ಮೊದಲಿನ ಹಾಗೇ ಕೇಳುತ್ತದೆ. ತೊಂದರೆ ಅಂದರೆ ಫೋನ್ ಹಾಡಿಗೆ ಸ್ಟೀರಿಯೊದ ಗುಂಡಿ ಕೆಲಸಕ್ಕೆ ಬರುವುದಿಲ್ಲ. ಪುಟ್ಟ ರಿಮೋಟ್ ಗುಂಡಿಯನ್ನು ಆಶ್‌ಟ್ರೇ ಒಳಗೋ ಗ್ಲೋವ್ ಬಾಕ್ಸ್‌ನಲ್ಲೋ ಇಡಬೇಕಾಗುತ್ತದೆ.

ನಾಳೆ ಹೊಸ ಸ್ಟೀರಿಯೊ ಬೇಕು ಅನಿಸಿದರೂ ಕತ್ತರಿಸಬೇಕಿಲ್ಲ. ಡ್ಯಾಶ್‌ನಲ್ಲಿ ಸ್ಟೀರಿಯೊ ತೂತು ಸುಮಾರು 180ಕ್ಕೆ 50 ಮಿಲಿಮೀಟರ್ ಇದ್ದರೆ ಅದು ಸಿಂಗಲ್ ಡಿನ್ ಅಳತೆ. ಅದೇ ಅಳತೆಯಲ್ಲಿ ಸಾದಾ ಮುಖದ, ಲೈಟಿನ ಬಣ್ಣ ಬದಲಿಸಬಹುದಾದ ಬ್ಲೂಟೂತ್ ಸ್ಟೀರಿಯೊಗಳಿವೆ. ಕಪ್ಲರಿಗೆ ಕಪ್ಲರ್ ಕೂರುವ ಅಡಾಪ್ಟರ್ ವೈರ್ ಬಳಸಿ. ಕಾರಿನ ಮೂಲ ವೈರ್ ಕತ್ತರಿಸಿ ಟೇಪ್ ಸುತ್ತಲು ಯಾರಿಗೂ ಬಿಡಬೇಡಿ.

ವೈರಿಂಗ್ ಭಯ

ನಿಮ್ಮ ಭಯ ಸರಿಯಾದದ್ದೇ. ಇಷ್ಟು ಹಳೆಯ ವೈರಿನ ಹೊದಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಹಾಗಾಗಿ ಹೊಸ ಭಾರವನ್ನು ಹಳೇ ವೈರಿನ ಮೇಲೆ ಹೊರಿಸಲೇಬಾರದು. ಆಂಪಿಗೆ ಬ್ಯಾಟರಿಯಿಂದ ಬೇರೆಯೇ ವೈರ್ ಎಳೆಯಿರಿ. ಹಳೇ ವೈರಿಂಗ್‌ನಿಂದ ತೆಗೆದುಕೊಳ್ಳುವುದು ಆಂಪನ್ನು ಎಬ್ಬಿಸುವ ಸಣ್ಣ ಸೂಚನೆ ಮಾತ್ರ. ಚಾನಲ್‌ಗೆ 50 ವ್ಯಾಟ್ ಆರ್‌ಎಂಎಸ್ ಕೊಡುವ ನಾಲ್ಕು ಚಾನಲ್ಲಿನ ಕ್ಲಾಸ್ ಡಿ (ವಿದ್ಯುತ್ತನ್ನು ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ನಿಮಗೆ ಧಾರಾಳ ಸಾಕು. ಪೂರ್ತಿ ಜೋರಿನಲ್ಲಿ ಅದು ಎಳೆಯುವುದು ಸುಮಾರು 17 ಆಂಪಿಯರ್. ಸಾಮಾನ್ಯವಾಗಿ ಹಾಡು ಕೇಳುವಾಗ ಇದರ ಮೂರನೇ ಒಂದು ಭಾಗವೂ ಬೇಕಾಗುವುದಿಲ್ಲ. ಎರಡು 55 ವ್ಯಾಟ್ ಹೆಡ್‌ಲೈಟ್ ಎಳೆಯುವುದೇ 8 ಆಂಪಿಯರ್.

ವೈರ್ 8 ಚದರ ಮಿಲಿಮೀಟರಿನ ಶುದ್ಧ ತಾಮ್ರದ್ದಾಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರನ್ನು ಅದೇ ದಪ್ಪದಲ್ಲಿ ಮಾರುತ್ತಾರೆ, ಅದು ಹೊರುವ ಕರೆಂಟು ಕಡಿಮೆ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ 30 ಆಂಪಿಯರ್ ಫ್ಯೂಸ್ ಇರಲೇಬೇಕು. ಆಂಪಿನಲ್ಲಿ ಫ್ಯೂಸ್ ಇದೆಯಲ್ಲ ಅಂತ ಕೆಲವರು ಇದನ್ನು ಬಿಡುತ್ತಾರೆ. ಮಧ್ಯದಲ್ಲಿ ವೈರ್ ಉಜ್ಜಿ ಬಾಡಿಗೆ ತಾಗಿದರೆ ಆಂಪಿನ ಫ್ಯೂಸ್‌ಗೆ ಗೊತ್ತೇ ಆಗುವುದಿಲ್ಲ. ಬೆಂಕಿ ಹತ್ತುವುದು ಹೀಗೆ. ಎಂಜಿನ್ ಕಡೆಯಿಂದ ತಗಡು ದಾಟುವಲ್ಲಿ ರಬ್ಬರ್ ಬುಷ್ ಹಾಕಿ. ಅರ್ತ್ ವೈರನ್ನು ಪೇಂಟ್ ಕೆರೆದು ಬರಿ ತಗಡಿಗೆ ಬಿಗಿದು, ಮೇಲೆ ತುಕ್ಕು ಹಿಡಿಯದ ಹಾಗೆ ಬಳಿಯಿರಿ. ಎಂಜಿನ್ ವೇಗ ಏರಿಸಿದಾಗ ಕುಂಯ್ ಅನ್ನುವ ಸದ್ದು ಕೇಳಿದರೆ ಮೊದಲು ಈ ಅರ್ತನ್ನೇ ನೋಡಿ. ಸ್ಪೀಕರಿಗೆ ಹೋಗುವ ಕಂಪನಿ ವೈರ್ ಚೆನ್ನಾಗಿದ್ದರೆ 50 ವ್ಯಾಟಿಗೆ ಅದೇ ಸಾಕು.

ಆಂಪ್ ಜೋಡಿಸುವ ಮುಂಚೆ ಒಂದು ಪರೀಕ್ಷೆ. ಸ್ಟೀರಿಯೊ ಕಪ್ಲರ್ ಬಿಡಿಸಿ, ಸ್ಪೀಕರಿನ ಮೈನಸ್ ವೈರಿಗೂ ಬಾಡಿಗೂ ಮಲ್ಟಿಮೀಟರ್ ಇಡಿ. ಸಂಪರ್ಕ ತೋರಿಸಿದರೆ ಮೈನಸ್ ಬಾಡಿಗೆ ಸೇರಿದೆ. ಕೆಲವು ಹಳೇ ಕಾರುಗಳಲ್ಲಿ ಹಾಗಿರುತ್ತದೆ. ಈಗಿನ ಆಂಪನ್ನು ಅದಕ್ಕೆ ಹಾಗೇ ಜೋಡಿಸಿದರೆ ಆಂಪ್ ಸುಡಬಹುದು. ಆಗ ಪ್ರತಿ ಸ್ಪೀಕರಿಗೂ ಹೊಸ ಜೋಡಿ ವೈರ್ ಎಳೆಯಬೇಕು.

ಡಿಎಸ್‌ಪಿ ಬಗ್ಗೆ ಎರಡು ಮಾತು, ಏಕೆಂದರೆ ಇದು ನನಗೆ ತುಂಬಾ ಇಷ್ಟದ ಭಾಗ. ನಿಮ್ಮ ಪಕ್ಕದ ಸ್ಪೀಕರ್ 80 ಸೆಂಟಿಮೀಟರ್ ದೂರ, ಆ ಕಡೆಯದ್ದು 140 ಸೆಂಟಿಮೀಟರ್ ಅಂದುಕೊಳ್ಳಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ದೂರದ್ದು 1.75 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ. ಇಷ್ಟಕ್ಕೇ ಹಾಡು ಪೂರ್ತಿ ನಿಮ್ಮ ಮೊಣಕಾಲ ಬಳಿ ಎಳೆದ ಹಾಗೆ ಆಗುತ್ತದೆ. ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದರೆ ಗಾಯಕಿ ಬಂದು ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲುತ್ತಾಳೆ. ಮೊದಲ ಸಲ ಕೇಳಿದವರು ಸುಮ್ನೆ ಕೂತುಬಿಡುತ್ತಾರೆ. ಅದೇ ಡಿಎಸ್‌ಪಿಯಲ್ಲಿ ಬಾಗಿಲಿನ ಸ್ಪೀಕರಿಗೆ 80 ಹರ್ಟ್ಸ್‌ಗಿಂತ ಕೆಳಗಿನದ್ದು ಹೋಗದ ಹಾಗೆ ಮಾಡಿ. ನಡುಕ ಇನ್ನಷ್ಟು ಕಡಿಮೆಯಾಗುತ್ತದೆ.

ಕಾರು ವೇಗವಾಗಿ ಓಡುವಾಗ ಟೈರಿನ ಸದ್ದು ಮೊದಲು ನುಂಗುವುದು ಬಾಸನ್ನು. ಆಗ ಬೇಕು ಅನಿಸಿದರೆ ಸೀಟಿನ ಕೆಳಗೆ ಕೂರುವ 8 ಇಂಚಿನ ಚಪ್ಪಟೆ ಸಬ್‌ವೂಫರ್ ಹಾಕಬಹುದು. ಆದರೆ ಮೊದಲು ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದು ಹಾಕಿಸಿ ನೋಡಿ. ಗಾಳಿ ಸದ್ದು ಇಳಿದರೆ ಅದರ ಅಗತ್ಯವೇ ಬರದಿರಬಹುದು.

ಅಂಗಡಿಗೆ ಹೋಗುವ ಮುಂಚೆ ಡ್ರೈವರ್ ಕಡೆಯ ಬಾಗಿಲೊಂದನ್ನು ಬಿಚ್ಚಿ ನೋಡಿ. ಸ್ಪೀಕರಿನ ಬೆನ್ನ ಮೇಲೆ ಎಷ್ಟು ಓಮ್ ಅಂತ ಬರೆದಿರುತ್ತದೆ. 4 ಆದರೆ ಮೇಲೆ ಹೇಳಿದ್ದೆಲ್ಲ ಹಾಗೇ ಅನ್ವಯಿಸುತ್ತದೆ. 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾರಿನಲ್ಲಿ ಎಲ್ಲೋ ಕಂಪನಿಯದ್ದೇ ಆಂಪ್ ಅಡಗಿರುವ ಸಾಧ್ಯತೆ ಇದೆ. ಡಿಕ್ಕಿಯ ಪಕ್ಕ, ಹಿಂದಿನ ಟ್ರೇ ಕೆಳಗೆ ಹುಡುಕಿ. ಆ ಓಮ್, ಸ್ಪೀಕರಿನ ಅಳತೆ, ಅಂಚಿನ ಸ್ಥಿತಿ, ಈ ಮೂರನ್ನು ಬರೆದು ಕಳಿಸಿ. ಯಾವ ಆಂಪ್ ಹೊಂದುತ್ತದೆ ಅಂತ ಆಮೇಲೆ ಹೇಳುತ್ತೇನೆ.